ಆರು ಗಂಟೆಯ ನೀರಿನ ಸುದ್ದಿ

ಗುಡ್ಡದ ಮೇಲಿನ ರೇಡಿಯೋ ಕೇಂದ್ರದಲ್ಲಿ ಅವಳನ್ನು ಎದುರಿಗೆ ಅಕ್ಕ ಎಂದೂ ಬೆನ್ನ ಹಿಂದೆ ಸಿಡಿಮಿಡಿ ಎಂದೂ ಕರೆಯುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ಅವಳ ತಕರಾರಿರಲಿಲ್ಲ. ಕೋಪ ಅವಳ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಗಂಡನೋ, ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಆಕಾಶ ತಲೆ ಮೇಲೆ ಬಿದ್ದರೂ "ಹೋಗ್ಲಿ ಬಿಡೇ" ಎನ್ನುವ ಸಮಾಧಾನಿ. ಆ ಮಾತು ಕಿವಿಗೆ ಬಿದ್ದರೆ ಸಾಕು, ಅಕ್ಕನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವಳು ಬೈಯದ ಮನುಷ್ಯನಿಲ್ಲ, ಬೈದದ್ದನ್ನು ಸಂಜೆಯವರೆಗೆ ಇಟ್ಟುಕೊಂಡದ್ದೂ ಇಲ್ಲ. ಈ ಒಂದು ಕೋಪ ಮಾತ್ರ ಅವಳ ಹೊಟ್ಟೆಯಲ್ಲಿ ಹಾಗೇ ಕೂತುಬಿಟ್ಟಿತು. ಯಾಕೆ ಕೂತಿತೆಂದು ಕೇಳಿದರೆ ನಿಮ್ಮ ಹೊಟ್ಟೆಯೂ ಉರಿದೀತು.

ಕೇಂದ್ರವೆಂದರೆ ಮಹಾ ಏನಲ್ಲ. ಎರಡು ಕೋಣೆ, ಒಂದು ವರಾಂಡ, ಹಿಂದೆ ಮುಗಿಲಿಗೆ ನೆಟ್ಟ ಕಬ್ಬಿಣದ ಗೋಪುರ. ರಾಜಧಾನಿಯ ಸ್ಟುಡಿಯೋದಿಂದ ಕಾರ್ಯಕ್ರಮ ತಂತಿಯಲ್ಲಿ ಬರುತ್ತದೆ, ಇಲ್ಲಿನ ಯಂತ್ರ ಅದಕ್ಕೆ ಬಲ ತುಂಬಿ ಸುತ್ತಲ ನೂರಾರು ಊರಿಗೆ ಹಾಯಿಸುತ್ತದೆ. ತಂತಿ ಅಂದಮೇಲೆ ಆಗಾಗ ಕೈಕೊಡುವುದೇ. ಕೈಕೊಟ್ಟಾಗ ರೇಡಿಯೋ ಮೂಕವಾಗಬಾರದು, ಅದಕ್ಕೇ ಮೇಜಿನ ಬಲಗಡೆ ಒಂದು ಟೇಪ್ ಯಂತ್ರದಲ್ಲಿ ವಾದ್ಯಸಂಗೀತ ಸದಾ ಸಜ್ಜಾಗಿರುತ್ತಿತ್ತು. ಎಂಟು ಸೆಕೆಂಡಿನೊಳಗೆ ಅದರ ಗುಂಡಿ ಒತ್ತಬೇಕು. ಅಕ್ಕನಿಗೆ ಕೆಲಸ ಕಲಿಸಿದ ಹಳೆಯ ಇಂಜಿನಿಯರು ಹೇಳುತ್ತಿದ್ದರು, ಒಂಬತ್ತನೇ ಸೆಕೆಂಡಿಗೆ ಕೇಳುವವನು ಎದ್ದು ಬಂದು ರೇಡಿಯೋದ ತಲೆ ಮೇಲೆ ಕುಟ್ಟುತ್ತಾನೆ, ನಮ್ಮ ತಪ್ಪಿಗೆ ಪಾಪ ಅದಕ್ಕೇಕೆ ಪೆಟ್ಟು ಎಂದು. ಅಕ್ಕ ಆ ಮಾತನ್ನು ತಲೆಗೆ ಕಟ್ಟಿಕೊಂಡಳು. ಆಮೇಲೆ ತಾನು ಕಲಿಸಿದವರ ತಲೆಗೂ ಕಟ್ಟಿದಳು, ಅಗತ್ಯ ಬಿದ್ದಾಗ ಅಡಿಕೋಲಿನಿಂದ.

ಅವಳ ಜೊತೆಯ ನಿಧಾನಪ್ಪನನ್ನೇ ನೋಡಿ. ಅದು ಅವನ ಹೆಸರಲ್ಲ, ಗುಣ. ಒಂದು ಲೋಟ ಚಹಾ ಕುಡಿಯಲು ಅವನಿಗೆ ಅರ್ಧ ಬೆಳಗು ಬೇಕು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಯೋಚಿಸುತ್ತಾನೆ. ಅಂಥವನ ಕೈ ಸದ್ದು ನಿಂತ ಕೂಡಲೇ ಹಾವಿನ ಹೆಡೆಯ ಹಾಗೆ ಗುಂಡಿಗೆ ಹೋಗುತ್ತಿತ್ತು. ತೂಕಡಿಸುತ್ತಿದ್ದರೂ ಹೋಗುತ್ತಿತ್ತು. ಅದು ಅಕ್ಕನ ಪಾಠದ ಫಲ, ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಆದರೆ ಅವಳ ನಿಜವಾದ ಕೆಲಸ ಸಂಜೆ ಆರು ಗಂಟೆಯ ಐದು ನಿಮಿಷ. ಆ ಐದು ನಿಮಿಷ ರಾಜಧಾನಿಯದಲ್ಲ, ಈ ಗುಡ್ಡದ್ದು. ಹೊಳೆಯ ಮೇಲ್ಗಡೆ ಒಂದು ಅಣೆಕಟ್ಟಿದೆ. ಅದರ ಬಾಗಿಲು ಕಾಯುವವನು ದಿನಾ ಐದೂವರೆಗೆ ಫೋನ್ ಮಾಡಿ ನಾಳೆ ನೀರು ಬಿಡುತ್ತಾರೋ ಇಲ್ಲವೋ, ಬಿಟ್ಟರೆ ಎಷ್ಟು ಹೊತ್ತಿಗೆ ಎಂದು ತಿಳಿಸುತ್ತಾನೆ. ಆರು ಗಂಟೆಗೆ ಅಕ್ಕ ಅದನ್ನು ಎರಡೆರಡು ಸಲ ಓದುತ್ತಾಳೆ. ಕೆಳಗಿನ ಕಣಿವೆಯ ಜನ ಬಟ್ಟೆ ಒಗೆಯಲು, ಮೀನು ಹಿಡಿಯಲು, ಆಚೆ ದಡಕ್ಕೆ ದಾಟಲು ಆ ಹೊಳೆಯ ಪಾತ್ರಕ್ಕೇ ಇಳಿಯಬೇಕು. ಎರಡೂ ಬದಿ ಬಂಡೆಯ ಗೋಡೆ. ಮೊಬೈಲು ಅಲ್ಲಿ ಆಟದ ಸಾಮಾನು, ದಿಬ್ಬ ಹತ್ತಿದರೆ ಮಾತ್ರ ಮಾತಾಡುತ್ತದೆ. ನೀರು ಬಿಡದ ದಿನ ಓದಲು ಏನೂ ಇಲ್ಲವಾದ್ದರಿಂದ ಆ ಐದು ನಿಮಿಷ ಅದೇ ವಾದ್ಯಸಂಗೀತ ಹಾಕುತ್ತಿದ್ದರು. ಹಾಗಾಗಿ ಕಣಿವೆಯವರಿಗೆ ಆರು ಗಂಟೆಯ ಸಂಗೀತ ಎಂದರೆ ನಾಳೆ ಹೊಳೆಗೆ ಇಳಿಯಬಹುದು ಎಂದೇ ಅರ್ಥ. ಈ ಏರ್ಪಾಡಿಗೆ ಮುಂಚೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದ ನೀರು ಬಟ್ಟೆ ಒಗೆಯುತ್ತಿದ್ದ ಮೂವರು ಹೆಂಗಸರನ್ನು ಕೊಂಡೊಯ್ದಿತ್ತು. ಅವರಲ್ಲಿ ಒಬ್ಬಳು ಅಕ್ಕನ ಚಿಕ್ಕಮ್ಮ. ಅಕ್ಕ ಆಗ ಹದಿನಾಲ್ಕರವಳು. ಕೆಲಸಕ್ಕೆ ಸೇರಿದ ಮೇಲೆ ಆರು ಗಂಟೆಯ ಸರದಿಯನ್ನು ಅವಳು ಜ್ವರ ಬಂದಾಗಲೂ ಬಿಟ್ಟುಕೊಟ್ಟವಳಲ್ಲ.

ಹೀಗಿರುವಾಗ ಹೊಸ ಕಾಯಿದೆ ಬಂತು. ದೇಶದ ರೇಡಿಯೋ ಟೀವಿಯನ್ನೆಲ್ಲ ಸರ್ಕಾರವೊಂದೇ ಹೊತ್ತುಕೊಂಡು ಓಡಾಡಬೇಕಾಗಿಲ್ಲ, ಖಾಸಗಿ ಜಾಲದವರೂ ಹೊರಲಿ ಎಂಬುದು ಅದರ ತಾತ್ಪರ್ಯ. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಮೊದಲು ಟೀವಿ ಹೋಯಿತು. ಪಕ್ಕದ ಕೋಣೆಯ ಟೀವಿ ಯಂತ್ರವನ್ನು ಒಂದು ಲಾರಿಯವನು ಬಂದು ಹಳೇ ಬೀರುವಿನ ಹಾಗೆ ಎಳೆದುಕೊಂಡು ಹೋದ. ಆಮೇಲೆ ರೇಡಿಯೋದ ಸರದಿ. ಸ್ಟುಡಿಯೋ ಸರ್ಕಾರದ್ದೇ, ಕೇಂದ್ರ ಸರ್ಕಾರದ್ದೇ, ನಡುವೆ ಕಾರ್ಯಕ್ರಮವನ್ನು ಹೊತ್ತು ತರುವ ಕೆಲಸ ಮಾತ್ರ ಕಂಪನಿಯದು. ಹಳೆಯ ತಂತಿ ಕಿತ್ತರು, ತಾರಸಿಯ ಮೇಲೆ ದನಿ ಹಿಡಿಯುವ ಬಿಳಿ ತಟ್ಟೆ ಕೂರಿಸಿದರು. ಅದನ್ನು ಕೂರಿಸಲು ಕಂಪನಿಯ ಕಾರಿನಿಂದ ಇಳಿದು ಬಂದ ಮ್ಯಾನೇಜರನನ್ನು ಕಂಡು ಅಕ್ಕ ನಕ್ಕುಬಿಟ್ಟಳು. ಅವನು ಬೆಣ್ಣೆ.

ಬೆಣ್ಣೆ ಎಂದು ಹೆಸರಿಟ್ಟದ್ದೂ ಅವಳೇ. ಹದಿಮೂರು ವರ್ಷದ ಹಿಂದೆ ಕೆಲಸ ಕಲಿಯಲು ಬಂದವನು, ಮಾತು ಅಷ್ಟು ನುಣುಪು. ಅವಳ ಡಬ್ಬಿಯ ಊಟ ಹಂಚಿಕೊಂಡು, ಅವಳ ಅಡಿಕೋಲಿನ ರುಚಿ ನೋಡಿ, ಅವಳ ಪಕ್ಕದ ಕುರ್ಚಿಯಲ್ಲೇ ಹತ್ತು ವರ್ಷ ಕೂತಿದ್ದ. ಆಮೇಲೆ ಕಂಪನಿ ಕರೆಯಿತು, ಹೋದ. ಹೋಗಲಿ ಪಾಪ, ಬೆಳೆಯುವ ಹುಡುಗ ಎಂದುಕೊಂಡು ಅಕ್ಕ ಅವನಿಗೆ ಒಂದು ಗಡಿಯಾರವನ್ನೂ ಕೊಟ್ಟು ಕಳಿಸಿದ್ದಳು. ಈಗ ಅವನು ಬಿಳಿ ತಟ್ಟೆಯ ಕೆಳಗೆ ನಿಂತು, ಇನ್ನು ಮೇಲೆ ನಿಮಗೆ ಆರಾಮ ಅಕ್ಕ, ಇದು ಬೀಳೋದೇ ಇಲ್ಲ ಎಂದು ಮಾತು ಕೊಟ್ಟ.

ತಟ್ಟೆ ಮೂರನೇ ದಿನವೇ ಬಿತ್ತು. ಅಂದರೆ ತಟ್ಟೆಯಲ್ಲ, ಅದರಲ್ಲಿ ಬರುವ ದನಿ. ಗಾಳಿ ಬೀಸಿದರೆ ಹೋಗುತ್ತಿತ್ತು, ಮೋಡ ಕವಿದರೆ ಹೋಗುತ್ತಿತ್ತು, ಬಿರುಬಿಸಿಲಿನಲ್ಲಿ ಸುಮ್ಮನೆ ಅದಕ್ಕೇ ಬೇಜಾರಾಗಿಯೂ ಹೋಗುತ್ತಿತ್ತು. ಹೋದಾಗಲೆಲ್ಲ ಅಕ್ಕನೋ ನಿಧಾನಪ್ಪನೋ ಐದಾರು ಸೆಕೆಂಡಿನಲ್ಲಿ ಟೇಪಿನ ಗುಂಡಿ ಒತ್ತಿ ಮರ್ಯಾದೆ ಉಳಿಸುತ್ತಿದ್ದರು. ಅಕ್ಕ ಫೋನ್ ಮಾಡಿ ಬೆಣ್ಣೆಯ ನೀರಿಳಿಸುತ್ತಿದ್ದಳು. ಅವನು ಸರಿ ಮಾಡಿಸ್ತೀನಿ ಅಕ್ಕ, ನಾಳೆನೇ ಜನ ಕಳಿಸ್ತೀನಿ ಎನ್ನುತ್ತಿದ್ದ. ಆ ನಾಳೆ ಆರು ತಿಂಗಳಾದರೂ ಬರಲಿಲ್ಲ. ಆದರೂ ಕಣಿವೆಯಲ್ಲಿ ಒಂದು ರೇಡಿಯೋದ ತಲೆಗೂ ಪೆಟ್ಟು ಬೀಳಲಿಲ್ಲವಲ್ಲ ಎಂದು ಅಕ್ಕ ಒಳಗೊಳಗೇ ಬೀಗುತ್ತಿದ್ದಳು. ಬೀಗಿದ್ದೇ ತಪ್ಪಾಯಿತು.

ಒಂದು ಬುಧವಾರ ಟಪಾಲಿನಲ್ಲಿ ಕಾಗದ ಬಂತು. ಕಂಪನಿಯ ಜಾಲ ಆರು ತಿಂಗಳು ಒಂದೇ ಒಂದು ಅಡಚಣೆಯಿಲ್ಲದೆ ನಡೆದಿದೆ. ಆದ್ದರಿಂದ ಪರವಾನಗಿಯ ಕರಾರಿನಂತೆ ಮುಂದಿನ ಒಂದನೇ ತಾರೀಖಿನಿಂದ ಕೇಂದ್ರಕ್ಕೆ ಸಿಬ್ಬಂದಿಯ ಅಗತ್ಯವಿಲ್ಲ, ಬೀಗ ಹಾಕಿ ಯಂತ್ರ ತಾನಾಗಿಯೇ ನಡೆಯುವುದು. ನಾಲ್ವರು ನೌಕರರನ್ನು ಪೇಟೆಯ ಕಚೇರಿಗೆ ಕಳಿಸಲಾಗುವುದು. ಸ್ಥಳೀಯ ಐದು ನಿಮಿಷ ನಿಲ್ಲುವುದು. ತಕರಾರಿದ್ದವರು ಸೋಮವಾರದ ವಿಚಾರಣೆಯಲ್ಲಿ ಹೇಳಿಕೊಳ್ಳಬಹುದು. ಅಕ್ಕ ಕಾಗದವನ್ನು ಎರಡು ಸಲ ಓದಿದಳು. ಒಂದೂ ಅಡಚಣೆಯಿಲ್ಲದೆ ಎಂಬುದರ ಕೆಳಗೆ ಗೆರೆ ಎಳೆದಳು. ಅವಳ ದಿನಚರಿ ಪುಸ್ತಕದಲ್ಲಿ ಅದೇ ಆರು ತಿಂಗಳಲ್ಲಿ ನೂರ ಅರವತ್ತಮೂರು ಸಲ ದನಿ ಬಿದ್ದದ್ದು ತಾರೀಖು, ಗಂಟೆ, ನಿಮಿಷ ಸಮೇತ ದಾಖಲಾಗಿತ್ತು.

ಅವಳು ಬೆಣ್ಣೆಗೆ ಫೋನ್ ಹಚ್ಚಿದಳು. ಅವನು ಮೊದಲು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ. ಜಾಡಿಸಿದ ಮೇಲೆ ಬಾಯಿಬಿಟ್ಟ. ಕಂಪನಿಯ ಕಚೇರಿಯಲ್ಲಿ ಒಂದು ಪೆಟ್ಟಿಗೆಯಿದೆ, ಅದು ಹಗಲೂ ರಾತ್ರಿ ಈ ಕೇಂದ್ರದ ರೇಡಿಯೋ ಕೇಳುತ್ತಿರುತ್ತದೆ, ಹತ್ತು ಸೆಕೆಂಡು ಮೌನವಾದರೆ ಮಾತ್ರ ಅಡಚಣೆ ಎಂದು ಬರೆದುಕೊಳ್ಳುತ್ತದೆ.

"ಹತ್ತು ಅಂತ ಇಟ್ಟೋರು ಯಾರು?" ಎಂದು ಅಕ್ಕ ಕೇಳಿದಳು.

ಬೆಣ್ಣೆ, "ಅದು ಕಂಪನಿ ನಿಯಮ ಅಕ್ಕ," ಎಂದ.

ಅವಳಿಗೆ ಬೇರೆ ಉತ್ತರ ಬೇಕಿರಲಿಲ್ಲ. ಒಂಬತ್ತನೇ ಸೆಕೆಂಡಿಗೆ ಅವಳ ಅಡಿಕೋಲು ಬೆರಳ ಗೆಣ್ಣಿನ ಮೇಲೆ ಬೀಳುತ್ತದೆಂದು ಆ ಕಂಪನಿಯಲ್ಲಿ ಇವನಿಗಲ್ಲದೆ ಇನ್ನಾರಿಗೆ ಗೊತ್ತು? ನೂರ ಅರವತ್ತಮೂರು ಸಲ ಅವನ ಕಂಪನಿ ಬಿದ್ದಿತ್ತು, ನೂರ ಅರವತ್ತಮೂರು ಸಲವೂ ಅವಳೇ ಅದನ್ನು ಎತ್ತಿ ನಿಲ್ಲಿಸಿ, ಧೂಳು ಒರೆಸಿ, ಅಂಕ ಕೊಟ್ಟು ಕಳಿಸಿದ್ದಳು. ತನ್ನ ಕೈಯಾರೆ ತನ್ನ ಕೋಣೆಗೆ ಬೀಗ ಮಾಡಿಸಿಕೊಂಡಿದ್ದಳು. ಅವಳ ಕಣ್ಣಲ್ಲಿ ನೀರು ಬಂತು, ಕೋಪದ ನೀರು. ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವನು ಅಭ್ಯಾಸಬಲದಿಂದ "ಹೋಗ್ಲಿ..." ಎಂದು ಶುರುಮಾಡಿ, ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಸೋಮವಾರ ಅಂಗಡಿಗೆ ಬಾಗಿಲು ಹಾಕಿ, ದಿನಚರಿ ಪುಸ್ತಕಗಳ ಚೀಲವನ್ನು ತಾನೇ ಹೊತ್ತು ಅವಳ ಜೊತೆ ವಿಚಾರಣೆಗೆ ಹೊರಟ.

ವಿಚಾರಣೆ ನಡೆದದ್ದು ಪೇಟೆಯ ಪುರಭವನದಲ್ಲಿ. ಪರವಾನಗಿ ಅಧಿಕಾರಿ ದನಿ ಎತ್ತರಿಸದ ಮನುಷ್ಯ. ಪುಸ್ತಕಗಳನ್ನು ತಿರುವಿ ಹಾಕಿ, ಇದು ನಿಮ್ಮ ಕೈಬರಹ, ಅತ್ತ ಕಂಪನಿಯದು ಯಂತ್ರದ ದಾಖಲೆ, ನಾನು ಯಾವುದನ್ನು ನಂಬಲಿ ಎಂದು ಕೇಳಿದ. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಅದೇ ಅಕ್ಕನನ್ನು ಹೆಚ್ಚು ಕೆಣಕಿತು. ಹಾಗಾದರೆ ಕಿವಿಯನ್ನೇ ನಂಬಿ ಎಂದಳು. ಮೇಜಿನ ಮೇಲೆ ಒಂದು ರೇಡಿಯೋ ಇಡಿ, ಇವತ್ತು ಊಟದ ಹೊತ್ತಿನವರೆಗೆ ಕೇಂದ್ರದಲ್ಲಿ ಯಾರೂ ಟೇಪಿನ ಗುಂಡಿ ಮುಟ್ಟುವುದಿಲ್ಲ, ಏನಾಗುತ್ತದೋ ನೀವೇ ಕೇಳಿ. ಅಧಿಕಾರಿ ಕಂಪನಿಯ ಪರವಾಗಿ ಕೂತಿದ್ದ ಬೆಣ್ಣೆಯ ಕಡೆ ನೋಡಿದ. ಬೆಣ್ಣೆ ತಕರಾರು ಮಾಡುತ್ತಾನೆಂದು ಅಕ್ಕ ಕಾದಳು. ಅವನು ಆಗಲಿ ಸಾರ್, ನಮಗೇನೂ ಅಭ್ಯಂತರವಿಲ್ಲ ಎಂದ, ನಗುನಗುತ್ತಲೇ.

ಅಕ್ಕ ಎಲ್ಲರ ಎದುರಿಗೇ ನಿಧಾನಪ್ಪನಿಗೆ ಫೋನ್ ಮಾಡಿದಳು. ದನಿ ಬಿದ್ದರೆ ಬೀಳಲಿ, ನೀನು ಕೈಕಟ್ಟಿ ಕೂತಿರು, ಏನೇ ಆದರೂ ಗುಂಡಿ ಮುಟ್ಟಬೇಡ ಎಂದು ಮೂರು ಸಲ ಹೇಳಿದಳು. ಆಯ್ತಕ್ಕ ಎಂದು ಅವನು ಮೂರು ಸಲವೂ ಹೇಳಿದ. ಟೇಪ್ ಯಂತ್ರದ ಪ್ಲಗ್ಗೇ ಕಿತ್ತುಬಿಡು ಎಂದು ಹೇಳಬೇಕೆಂಬುದು ಅವಳಿಗೆ ಹೊಳೆಯಲಿಲ್ಲ. ಯಾರಿಗಾದರೂ ಹೊಳೆಯುತ್ತಿತ್ತು, ಚಹಾ ತಂದಿಟ್ಟು ಹೋದವನಿಗೂ ಹೊಳೆಯುತ್ತಿತ್ತು. ಆದರೆ ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತವಳಿಗೆ ಆ ಪ್ಲಗ್ಗು ಕೀಳುವುದೆಂದರೆ ಮಲಗಿದ ಮಗುವಿನ ಮೂಗು ಹಿಡಿದ ಹಾಗೆ, ಆ ದಿಕ್ಕಿಗೆ ತಲೆ ಓಡುವುದೇ ಇಲ್ಲ.

ರೇಡಿಯೋದಲ್ಲಿ ಯಾರೋ ಹಲ್ಲಿನ ಆರೋಗ್ಯದ ಬಗ್ಗೆ ಭಾಷಣ ಮಾಡುತ್ತಿದ್ದರು. ಒಂದು ಗಂಟೆ ಕಳೆಯಿತು, ಎರಡಾಯಿತು. ಹಾಳಾದ್ದು ಅವತ್ತು ಒಮ್ಮೆಯೂ ಬೀಳಲೊಲ್ಲದು. ಅಕ್ಕ ಜನ್ಮದಲ್ಲಿ ಮೊದಲ ಸಲ ಮೌನಕ್ಕಾಗಿ ಹಂಬಲಿಸಿದಳು. ಹನ್ನೆರಡು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಇನ್ನಾರದೋ ಭಾಷಣ ಅರ್ಧ ಮಾತಿನಲ್ಲೇ ಕಡಿಯಿತು.

ಅಧಿಕಾರಿ ಕೈಗಡಿಯಾರ ನೋಡಿದ. ಅಕ್ಕ ಮನಸ್ಸಿನಲ್ಲೇ ಎಣಿಸತೊಡಗಿದಳು. ಮೂರು, ನಾಲ್ಕು, ಐದು. ಆರಕ್ಕೆ ಅವಳ ಬಲಗೈ ಮೇಜಿನ ಮೇಲೆ ತಾನಾಗಿಯೇ ಸರಿಯಿತು. ಅವಳು ಅದನ್ನು ಎಡಗೈಯಿಂದ ಹಿಡಿದುಕೊಂಡಳು. ಹಿಡಿದುಕೊಂಡ ಕ್ಷಣವೇ ಅವಳಿಗೆ ಎಲ್ಲ ಅರ್ಥವಾಯಿತು, ಬೆಣ್ಣೆ ಯಾಕೆ ಒಪ್ಪಿದ, ಯಾಕೆ ನಕ್ಕ ಎಂಬುದೂ. ಏಳು. ರೇಡಿಯೋದಲ್ಲಿ ವಾದ್ಯಸಂಗೀತ ಶುರುವಾಯಿತು.

ಅಕ್ಕ ಎದ್ದು ನಿಂತು ಇದು ನಮ್ಮ ಟೇಪು, ಕಂಪನಿಯದಲ್ಲ ಎಂದು ಕೂಗಿದಳು. ಅಧಿಕಾರಿಯೇ ಕೇಂದ್ರಕ್ಕೆ ಫೋನ್ ಮಾಡಿಸಿದ. ನಿಧಾನಪ್ಪನ ದನಿ ಎಲ್ಲರಿಗೂ ಕೇಳಿತು. "ಕೈಕಟ್ಟೇ ಕೂತಿದ್ದೆ ಅಕ್ಕ. ಹೆಂಗೆ ಹೋಯ್ತೋ ಗೊತ್ತಿಲ್ಲ, ಕೈ ಹೋಗ್ಬಿಡ್ತು," ಎಂದು ಅವನು ಅತ್ತ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಬೆಣ್ಣೆ ಮಾತ್ರ ನಗಲಿಲ್ಲ. ಅವನು ಅವಳ ಕಡೆ ಬಾಗಿ ಮೆಲ್ಲಗೆ, "ನೀವೇ ಅಲ್ವಾ ಅಕ್ಕ ಕಲಿಸಿದ್ದು," ಎಂದ. ಅವನ ಕೆನ್ನೆಗೆ ಬಾರಿಸದೆ ಬಿಟ್ಟದ್ದು ಅವಳ ದೊಡ್ಡತನವಲ್ಲ, ನಡುವೆ ಗಂಡ ಪುಸ್ತಕದ ಚೀಲ ಹಿಡಿದು ನಿಂತಿದ್ದ.

ಅಧಿಕಾರಿ ಸಾವಧಾನವಾಗಿ ತೀರ್ಮಾನ ಹೇಳಿದ. ಕೇಳುಗರಿಗೆ ಮೌನ ತಲುಪಿಲ್ಲ, ಆದ್ದರಿಂದ ಸೇವೆ ಕಡಿದಿಲ್ಲ. ಯಾರು ತುಂಬಿದರು ಎಂಬುದು ಕರಾರಿನಲ್ಲಿಲ್ಲ. ಗುಂಡಿ ಒತ್ತಲು ಮನುಷ್ಯರೇ ಬೇಕೇ ಎಂದು ಅವನು ಕಂಪನಿಯನ್ನು ಕೇಳಿದ. ಮೌನವಾದ ಕೂಡಲೇ ತಾನಾಗಿ ಸಂಗೀತ ಹಾಕುವ ಯಂತ್ರ ಕೂರಿಸುತ್ತೇವೆ ಸಾರ್, ಇದೇ ಟೇಪನ್ನೇ ಅದಕ್ಕೆ ತುಂಬುತ್ತೇವೆ, ಜನಕ್ಕೆ ರೂಢಿಯಾಗಿದೆ ಎಂದ ಬೆಣ್ಣೆ.

ಇದೇ ಟೇಪು ಎಂದದ್ದು ಕೇಳಿ ಅಕ್ಕ ಅಧಿಕಾರಿಯ ಮೇಜಿನ ಹತ್ತಿರಕ್ಕೇ ನುಗ್ಗಿದಳು. ನೌಕರಿಯ ಮಾತು, ಮೋಸದ ಮಾತು ಎಲ್ಲ ಹಿಂದಕ್ಕೆ ಸರಿಯಿತು. ಕಣಿವೆಯವರು ಆ ಸಂಗೀತ ಕೇಳಿ ನೀರಿಲ್ಲ ಅಂದುಕೊಳ್ಳುತ್ತಾರೆ, ಆರು ಗಂಟೆಗೆ ತಟ್ಟೆ ಬಿದ್ದು ಯಂತ್ರ ಅದನ್ನೇ ನುಡಿಸಿದರೆ ಮಾರನೇ ಬೆಳಿಗ್ಗೆ ಹೊಳೆಗಿಳಿಯುತ್ತಾರೆ, ಜನ ಸಾಯುತ್ತಾರೆ ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದಳು. ತನ್ನ ಚಿಕ್ಕಮ್ಮನ ಹೆಣ ನಾಲ್ಕು ದಿನದ ಮೇಲೆ ಸಿಕ್ಕಿದ್ದನ್ನೂ ಹೇಳಿದಳು. ಅಧಿಕಾರಿ ಪೂರ್ತಿ ಕೇಳಿಸಿಕೊಂಡ. ಅಣೆಕಟ್ಟಿನ ಸೂಚನೆ ನೀರಾವರಿ ಇಲಾಖೆಯ ಹೊಣೆ, ಪರವಾನಗಿಯಲ್ಲಿ ಅದರ ಪ್ರಸ್ತಾಪವಿಲ್ಲ, ನೀವು ಅವರಿಗೆ ಬರೆದುಕೊಳ್ಳಿ ಎಂದು ಪೆನ್ನಿಗೆ ಮುಚ್ಚಳ ಹಾಕಿದ. ಅವಳು ಬರೆದಳು. ಇದು ಪ್ರಸಾರದವರಿಗೆ ಸಂಬಂಧಿಸಿದ್ದೆಂದು ಇಲಾಖೆ ಮರುಟಪಾಲಿನಲ್ಲೇ ಕೈ ತೊಳೆದುಕೊಂಡಿತು.

ಗುಡ್ಡಕ್ಕೆ ಮರಳಿದಾಗ ನಿಧಾನಪ್ಪ ಬೈಗುಳಕ್ಕೆ ತಲೆ ಬಗ್ಗಿಸಿ ಸಿದ್ಧನಾಗಿ ಕೂತಿದ್ದ. ಅಕ್ಕ ಅವನನ್ನು ಬೈಯಲಿಲ್ಲ. ಎಷ್ಟಕ್ಕೆ ಹೋಯಿತು ಕೈ ಎಂದು ಮಾತ್ರ ಕೇಳಿದಳು. ಏಳಕ್ಕೆ ಎಂದ. ನನ್ನದು ಆರಕ್ಕೇ ಹೋಗಿತ್ತು ಎಂದು ಹೇಳಿ ಅವಳು ತನ್ನ ಕುರ್ಚಿಯಲ್ಲಿ ಕೂತಳು.

ಕೊನೆಯ ದಿನ ಹೊಸ ಯಂತ್ರವನ್ನು ಕೂರಿಸಿ, ಪರೀಕ್ಷಿಸಿ, ಕಂಪನಿಯವರು ಮಧ್ಯಾಹ್ನವೇ ಇಳಿದು ಹೋದರು. ಐದೂವರೆಗೆ ಬಾಗಿಲು ಕಾಯುವವನ ಫೋನ್ ಬಂತು. ಆರು ಗಂಟೆಗೆ ಅಕ್ಕ ದನಿ ಸರಿಪಡಿಸಿಕೊಂಡು ಓದಲು ಕೂತಳು. ದಿನದ ಹಾಗೆಯೇ ಓದಿದಳು, ಅಳಲಿಲ್ಲ, ವಿದಾಯದ ಮಾತೂ ಆಡಲಿಲ್ಲ.

"ಕಣಿವೆಯವರು ಗಮನವಿಟ್ಟು ಕೇಳಿ. ನಾಳೆ ಬೆಳಿಗ್ಗೆ ಏಳು ಗಂಟೆಗೆ ನೀರು ಬಿಡುತ್ತಾರೆ, ಯಾರೂ ಹೊಳೆಗೆ ಇಳಿಯಬೇಡಿ. ನಾಳೆಯಿಂದ ಈ ಕೇಂದ್ರದಲ್ಲಿ ಯಾರೂ ಇರುವುದಿಲ್ಲ. ಆರು ಗಂಟೆಗೆ ಸಂಗೀತ ಬಂದರೆ ನೀರಿಲ್ಲ ಅಂತ ನಂಬಬೇಡಿ. ಅದು ಯಂತ್ರ, ಅದಕ್ಕೆ ಹೊಳೆ ಗೊತ್ತಿಲ್ಲ. ನೀರಿನ ಸುದ್ದಿ ಬೇಕಾದರೆ ದಿಬ್ಬ ಹತ್ತಿ ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿ. ನಂಬರು ಹೇಳುತ್ತೇನೆ, ಬರೆದುಕೊಳ್ಳಿ."

ಬೆಣ್ಣೆಯ ಖಾಸಗಿ ನಂಬರನ್ನು ಅವಳು ಒಂದೊಂದೇ ಅಂಕಿಯಾಗಿ ಹೇಳಿದಳು. ಬರೆಯಲು ಬಾರದವರು ಪಕ್ಕದ ಮನೆಯವರನ್ನು ಕರೆಯಲಿ ಎಂದು ನಿಂತು, ಇಡೀ ಸುದ್ದಿಯನ್ನು ಮತ್ತೊಮ್ಮೆ ಓದಿದಳು.

ಆರೂವರೆಗೆ ಅವಳು ಬೀರುವಿಗೆ ಬೀಗ ಹಾಕುತ್ತಿದ್ದಾಗ ಬೆಣ್ಣೆಯ ಫೋನ್ ಬಂತು. ಅವನ ದನಿಯಲ್ಲಿ ನುಣುಪೆಲ್ಲ ಹೋಗಿತ್ತು. ಇದೇನು ಮಾಡಿಟ್ಟಿರಿ, ಆಗಲೇ ಹತ್ತೊಂಬತ್ತು ಜನ ಫೋನ್ ಮಾಡಿದರು, ನಾಳಿದ್ದು ನೀರು ಬಿಡುತ್ತಾರಾ, ಆಚೆ ನಾಳಿದ್ದು ಬಿಡುತ್ತಾರಾ ಎಂದು ಕೇಳುತ್ತಿದ್ದಾರೆ, ಒಬ್ಬಳು ಮುದುಕಿ ಫೋನ್ ಇಡುವುದೇ ಇಲ್ಲ, ನಿಮ್ಮ ಮೇಲೆ ಕಂಪನಿ ಕ್ರಮ ತೆಗೆದುಕೊಳ್ಳುತ್ತದೆ ಎಂದೆಲ್ಲ ಒದರಿದ. ಅಕ್ಕ ಅವನಿಗೆ ಉಸಿರು ಸಾಲದಾಗುವವರೆಗೆ ಕಾದಳು.

"ನಾನೇನು ಹೇಳ್ಲಿ ಅವರಿಗೆ?" ಎಂದು ಅವನು ಕೊನೆಗೆ ಕೇಳಿದ. "ನನಗೆ ಹೆಂಗೆ ಗೊತ್ತಾಗ್ಬೇಕು ಅಕ್ಕ, ನೀರು ಬಿಡ್ತಾರೋ ಇಲ್ವೋ?"

"ಅಣೆಕಟ್ಟಿನ ಬಾಗಿಲು ಕಾಯೋನ ನಂಬರು ಕೊಡ್ತೀನಿ. ದಿನಾ ಐದೂವರೆಗೆ ನೀನೇ ಮಾಡು, ಕೇಳ್ಕೊ, ಫೋನ್ ಮಾಡಿದೋರಿಗೆಲ್ಲ ಹೇಳು," ಎಂದಳು ಅಕ್ಕ. "ಒಂದಿನ ತಪ್ಪಿಸಿದ್ರೆ ಯಾರು ಸತ್ರು ಅಂತ ನಾನೇ ಬಂದು ನಿನ್ನ ಮನೆ ಬಾಗಿಲಲ್ಲಿ ಹೆಸರು ಹಿಡಿದು ಹೇಳ್ತೀನಿ. ಪೆನ್ನು ತಗೊ."

ಆ ಕಡೆ ಮೇಜಿನ ಸೆಳೆಖಾನೆ ಎಳೆದದ್ದು, ಕಾಗದ ಸರಿಸಿದ್ದು ಕೇಳಿಸಿತು. ಅಕ್ಕ ನಂಬರು ಹೇಳಿದಳು. ಅವನು ತಿರುಗಿ ಹೇಳಿದಾಗ ಒಂದು ಅಂಕಿ ತಪ್ಪಿತ್ತು. ಅವಳು ಬೈದು, ಮೊದಲಿನಿಂದ ಮತ್ತೆ ಬರೆಸಿದಳು.